ಸೊಪ್ಪಿನ ಡಾಕ್ಟರ್ ಊಟಕ್ಕೆ ಬಂದ

೧೯೮೯ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಆಮೇಲೆ ಕಲಿತದ್ದೆಲ್ಲ ಸ್ಪ್ಯಾನರ್ ಹಿಡಿದೇ. ದುಬೈಯ ರಾಸ್ ಅಲ್ ಖೋರ್‌ನಲ್ಲಿ ಸ್ವಂತ ಗ್ಯಾರೇಜ್ ಹಾಕಿದ ಮೇಲೆ, ಓದಿದವರ ಕಾರುಗಳು ನನ್ನೆದುರು ಬಾಯಿ ತೆರೆದು ನಿಲ್ಲುವುದನ್ನು ಕಂಡಾಗ ಒಂದು ಸಣ್ಣ ಖುಷಿ ಆಗುವುದುಂಟು. ಸುಳ್ಳು ಯಾಕೆ ಹೇಳಲಿ?

ಓದಿದವರಲ್ಲಿ ನಾನು ಒಪ್ಪಿದ್ದು ಅಕ್ಕನ ಮಗ ಕಿಶೋರನನ್ನು ಮಾತ್ರ. ನನ್ನ ಮಗಳು ದೀಕ್ಷಾಳಿಗೆ ಅವನೇ ಎಂದು, ಅವಳು ತೊಟ್ಟಿಲಲ್ಲಿದ್ದಾಗಲೇ ಅಕ್ಕನೂ ನಾನೂ ಮಾತಾಡಿಕೊಂಡಿದ್ದೆವು. ನನ್ನ ಹೆಂಡತಿ ನನ್ನ ಸೋದರಮಾವನ ಮಗಳು. ಅಪ್ಪ ಅಮ್ಮನದೂ ಅದೇ ಲೆಕ್ಕ. ಒರಿಜಿನಲ್ ಪಾರ್ಟ್ ಬಿಟ್ಟು ಬೇರೆ ಹಾಕದ ಮನೆತನ. ಮಕ್ಕಳಿಬ್ಬರನ್ನು ಕೇಳುವ ಮೊದಲೇ ಊರಿನಲ್ಲಿ ಮದುವೆ ಹಾಲ್ ಬುಕ್ ಮಾಡಿಸಿದ್ದೆ.

ತೊಡಕು ಒಂದೇ, ಹುಡುಗನ ಕೆಲಸ. ಕೆನಡಾದಲ್ಲಿ ಲೈಸನ್ಸ್ ಇರುವ ಕಂಪನಿಯೊಂದರಲ್ಲಿ ಅವನು ಗಾಂಜಾ ಗಿಡದ ತಳಿ ಮಾಡುವ ಪಿಎಚ್‌ಡಿ ಡಾಕ್ಟರ್. ಈ ದೇಶದಲ್ಲಿ ಆ ಪದ ಬಾಯಿಗೆ ಬಂದರೂ ಬೆವರು ಬರುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ‘ಸೊಪ್ಪು’ ಎಂದೇ ಹೆಸರು. ದುಬೈಗೆ ಬರುತ್ತೇನೆಂದು ಅವನು ಫೋನ್ ಮಾಡಿದಾಗ ಹೇಳಿದೆ: “ಮಾರಾಯಾ, ಹಳೆ ಪ್ಯಾಂಟ್ ಒಂದೂ ತರ್ಬೇಡ. ಕಿಸೆಯಲ್ಲಿ ಒಂದು ಬೀಜ ಸಿಕ್ಕಿದ್ರೂ ನಾವೆಲ್ಲ ಖಲಾಸ್.”

ಹೊಸ ಪ್ಯಾಂಟಿನಲ್ಲೇ ಬಂದ. ಭಾನುವಾರ ಊಟಕ್ಕೆ ಕುಳಿತಾಗ, ಸೊಪ್ಪಿನಲ್ಲಿ ಡಾಕ್ಟರಿಗೇನು ಕೆಲಸ ಎಂದು ಕೆಣಕಿದೆ.

“ಒಂದು ಒಳ್ಳೆ ಗಿಡಕ್ಕೆ ಅದರದ್ದೇ ಪರಾಗ ಹಾಕೋದು ಮಾವ. ಹುಟ್ಟಿದ್ದರಲ್ಲಿ ಒಳ್ಳೇದನ್ನು ಆರಿಸಿ ಮತ್ತೆ ಹಾಗೇ. ಆರೇಳು ತಲೆಮಾರಾದ್ರೆ ಎಲ್ಲ ಬೀಜ ಒಂದೇ ಥರ ಬರ್ತದೆ.”

“ಇದಕ್ಕೆ ಕಾಲೇಜ್ ಬೇಕಾ? ನಮ್ಮ ಕುಟುಂಬ ಶಾಲೆಗೆ ಹೋಗದೆ ಮಾಡಿದೆ!”

“ಹೌದು. ಆದ್ರೆ ಒಳಗೆ ಅಡಗಿದ್ದ ದೋಷವೂ ಹಾಗೇ ಪಕ್ಕಾ ಆಗ್ತದೆ. ಗಿಡ ಸೊರಗ್ತದೆ. ಬಲ ಬರ್ಲಿಕ್ಕೆ ಆಮೇಲೆ ಹೊರಗಿನ ತಳಿ ಜೊತೆ ಕ್ರಾಸ್ ಮಾಡ್ಬೇಕು.”

ಎಲ್ಲರ ಕಣ್ಣು ಗೋಡೆಯ ಫೋಟೊಗಳತ್ತ ಹೋಯಿತು. ಅಜ್ಜ, ಅಪ್ಪ, ನಾನು: ಒಂದೇ ಮೂಗು, ಒಂದೇ ಬೋಳು ತಲೆ.

“ಹಠ ಎಷ್ಟನೇ ತಲೆಮಾರಿಗೆ ಪಕ್ಕಾ ಆಯ್ತು ಅಂತ ಫೋಟೊದಲ್ಲಿ ಕಾಣುದಿಲ್ಲ,” ಎಂದಳು ಹೆಂಡತಿ, ಸಾರು ಬಡಿಸುತ್ತ.

“ಡ್ಯಾಡ್, ಐ ಆಮ್ ನಾಟ್ ಯುವರ್ ನೆಕ್ಸ್ಟ್ ಬ್ಯಾಚ್,” ಎಂದಳು ಮಗಳು.

“ಹಾಲ್ ಬುಕ್ ಆಗಿದೆ!” ಎಂದು ಮೇಜಿಗೆ ಗುದ್ದಿದೆ. ಬಂದದ್ದು ಥೇಟ್ ಅಪ್ಪನ ಸ್ವರ.

ಕಿಶೋರ ತಲೆ ತಗ್ಗಿಸಿದ. “ಮಾವ, ನಂಗೆ ಅಲ್ಲಿ ಒಬ್ಬಳು ಪಂಜಾಬಿ ಹುಡುಗಿ... ಅಮ್ಮನಿಗೆ ನೀವೇ ಹೇಳ್ಬೇಕು.” ತಗ್ಗಿದ ಆ ನೆತ್ತಿಯಲ್ಲಿ ನಮ್ಮ ಬೋಳು ಆಗಲೇ ಶುರುವಾಗಿತ್ತು.

ಈಗ ನನ್ನಲ್ಲಿರುವುದು ಇಷ್ಟು: ಗ್ಯಾರೇಜ್ ಒಂದು, ಕಾರು ಎತ್ತುವ ಲಿಫ್ಟ್ ಮೂರು, ಕೆಲಸದವರು ಒಂಬತ್ತು ಜನ, ಮಗಳು ಒಬ್ಬಳು, ಮದುವೆ ಹಾಲ್ ಒಂದು, ಅಳಿಯ ಸೊನ್ನೆ.