ಸಾದಾ ಕ್ರಿಸ್‌ಮಸ್ ಮತ್ತು ತಂಗಿಯ ಡಬ್ಬಿ

ಎದ್ದು ಹೋಗಲಾರದವರ ಮುಂದೆ ವರ್ಷಗಟ್ಟಲೆ ಮಾತಾಡಿದವನಿಗೆ ತನ್ನ ಮಾತು ಬಹಳ ಚೆನ್ನಾಗಿದೆ ಎಂಬ ಭ್ರಮೆ ಅಂಟಿಕೊಳ್ಳುತ್ತದೆ. ನಾನು ನವನಗರದ ಒಂದು ಹೈಸ್ಕೂಲಿನಲ್ಲಿ ಮಾಸ್ತರ. ಗಂಟೆ ಬಾರಿಸುವವರೆಗೆ ನನ್ನ ಉಪದೇಶ ಕೇಳುವುದು ಅಲ್ಲಿನ ಮಕ್ಕಳಿಗೆ ಅನಿವಾರ್ಯ. ಮನೆಯಲ್ಲಿ ಗಂಟೆ ಇಲ್ಲ; ಹೀಗಾಗಿ ನನ್ನ ಹೆಂಡತಿ ಪ್ರೇಮಾ ಕುಕ್ಕರಿನ ಸೀಟಿಯನ್ನೇ ಗಂಟೆ ಎಂದು ತಿಳಿದು ಎದ್ದು ಹೋಗುತ್ತಾಳೆ. ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಹೋದ ಡಿಸೆಂಬರಿನಲ್ಲಿ ಕ್ರಿಸ್‌ಮಸ್ಸನ್ನೇ ಸುಧಾರಿಸಲು ಹೊರಟೆ. ಅದರ ಫಲ ಇನ್ನೂ ಉಣ್ಣುತ್ತಿದ್ದೇನೆ.

ಹಬ್ಬದ ಊಟಕ್ಕೆ ಎಲ್ಲರೂ ನಮ್ಮ ಮನೆಗೆ ಬರುವುದು ರೂಢಿ. ಬಾದಾಮಿಯಿಂದ ಅಣ್ಣ ಮತ್ತು ಅವನ ಹೆಂಡತಿ, ನಮ್ಮ ವೈನಿ; ಇಳಕಲ್ಲಿನಿಂದ ತಂಗಿ ಸುಶೀಲಾ ಮತ್ತು ಅವಳ ಗಂಡ. ಅಪ್ಪ ಇದ್ದಾಗ ಕಾಣಿಕೆ ಎಂದರೆ ಗಂಡಸರಿಗೆ ಒಂದು ಕರವಸ್ತ್ರ, ಹೆಣ್ಣುಮಕ್ಕಳಿಗೆ ಒಂದು ಕುಬಸದ ಖಣ. ಆಮೇಲೆ ಒಂದು ವರ್ಷ ಅಣ್ಣ ಅಂಗಿ ಬಟ್ಟೆ ತಂದ. ಅವನು ಅಂಗಿ ಕೊಟ್ಟ ಮೇಲೆ ನಾನು ಕರವಸ್ತ್ರ ಕೊಡಲಾದೀತೆ? ಚಾದರ ಕೊಟ್ಟೆ. ಚಾದರಕ್ಕೆ ಉತ್ತರವಾಗಿ ಕುಕ್ಕರ್ ಬಂತು, ಕುಕ್ಕರಿಗೆ ಉತ್ತರವಾಗಿ ಮಿಕ್ಸರ್ ಹೋಯಿತು. ನಡುವೆ ಯಾರಿಗೂ ಏನೂ ಹೊಳೆಯದ ವರ್ಷಗಳಲ್ಲಿ ಗೋಡೆ ಗಡಿಯಾರ. ನಮ್ಮ ಬಚ್ಚಲಲ್ಲೂ ಈಗ ಗಡಿಯಾರವಿದೆ. ಒಂದರ ಹೊತ್ತು ಇನ್ನೊಂದಕ್ಕೆ ಕೂಡುವುದಿಲ್ಲ. ನಗುನಗುತ್ತಲೇ ನಡೆದಿದ್ದ ಈ ಪೈಪೋಟಿಯಲ್ಲಿ ಸುಶೀಲಾ ಸೋತು ಹಿಂದೆ ಬಿದ್ದದ್ದನ್ನು ನಾವ್ಯಾರೂ ನೋಡಲಿಲ್ಲ. ರೆಡಿಮೇಡ್ ಬಟ್ಟೆ ಬಂದು ಅವಳ ಗಂಡನ ಹೊಲಿಗೆ ಅಂಗಡಿಗೆ ಗಿರಾಕಿ ತಪ್ಪಿದ್ದರು. ನನ್ನ ಈ ಸುಧಾರಣೆಯ ಹಿಂದಿನ ವರ್ಷ ಮೊಣಕಾಲ ಬ್ಯಾನಿ ಎಂದು ಹೇಳಿ ಅವಳು ಬರಲೇ ಇಲ್ಲ. ಇರುವವಳು ಒಬ್ಬಳೇ ತಂಗಿ. ಆ ದಿನ ಅವಳ ಪಾಲಿನ ಬಿರಿಯಾನಿ ಪಾತ್ರೆಯಲ್ಲೇ ಉಳಿಯಿತು.

ಅದಕ್ಕೇ ಈ ಸಲ ಅವಳನ್ನು ಹೇಗಾದರೂ ಕರೆಸಿಕೊಳ್ಳಬೇಕೆಂದು ಮನೆಮಂದಿಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಪ್ರಕಟಣೆ ಹಾಕಿದೆ. ಈ ವರ್ಷ ಸಾದಾ ಕ್ರಿಸ್‌ಮಸ್, ಅಂಗಡಿಯಿಂದ ಏನೂ ತರಬಾರದು. ಮನೆಯಲ್ಲಿ ಮಾಡಿದ ತಿನಿಸು ಒಂದು ಡಬ್ಬಿ, ಅಷ್ಟೇ. ಇಲ್ಲಿಗೆ ನಿಲ್ಲಿಸಿದ್ದರೆ ನಾನು ಮಾಸ್ತರ ಹೇಗಾದೇನು? ದನದ ಕೊಟ್ಟಿಗೆಯಲ್ಲಿ ಹುಟ್ಟಿದವನ ಹಬ್ಬಕ್ಕೆ ಆಡಂಬರ ಏಕೆ ಎಂದು ಬರೆದು, ಕೊನೆಗೆ ಇನ್ನೊಂದು ಸಾಲು ಸೇರಿಸಿದೆ: ‘ಕೈಯಲ್ಲಿ ಕಾಸಿಲ್ಲದವರಿಗೂ ಹಬ್ಬ ಹಬ್ಬವಾಗಿಯೇ ಇರಬೇಕು.’ ಬರೆದು ಮುಗಿಸಿದಾಗ ನನಗೇ ಕಣ್ಣು ತುಂಬಿ ಬಂತು.

ಅಣ್ಣ ಕೈಮುಗಿದ ಚಿತ್ರ ಹಾಕಿದ. ವೈನಿ ತಕ್ಷಣ ಪ್ರೇಮಾಳಿಗೆ ಫೋನ್ ಮಾಡಿದರು. “ಸುಶೀಲಾಗ ಅಷ್ಟು ತ್ರಾಸ ಆಗೈತೇನವಾ? ನಮಗ ಯಾರೂ ಹೇಳಲೇ ಇಲ್ಲಲ್ಲ. ಇರ್ಲಿ, ನಾವೊಂದು ಚೀಲ ಗೋಧಿ ಕಳಸ್ತೇವಿ.” ಕಳಿಸಿಯೂಬಿಟ್ಟರು. ಸುಶೀಲಾ ಗ್ರೂಪಿನಲ್ಲಿ ನನ್ನ ಬರಹ ಓದಿದ ಗುರುತು ಬಿತ್ತು. ಸಂಜೆ ಅವಳಿಂದ ಪ್ರೇಮಾಳಿಗೆ ಸಂದೇಶ: ‘ಈ ಸಲನೂ ಬರಾಕ ಆಗೂದಿಲ್ಲ ವೈನಿ, ಮೊಣಕಾಲು.’

“ನಾ ಯಾರ ಹೆಸರೂ ಬರೀಲಿಲ್ಲಲ್ಲ” ಎಂದೆ.

“ಹೆಸರೊಂದು ಬಿಟ್ಟು ವಿಳಾಸ ಪೂರ್ತಿ ಬರದೀರಿ” ಎಂದಳು ಪ್ರೇಮಾ. ಕುಕ್ಕರ್ ಕೂಗದಿದ್ದರೂ ಎದ್ದು ಹೋದಳು.

ಆ ವಾರ ನಾನು ನಿದ್ದೆ ಮಾಡಿದ್ದು ಅಷ್ಟಕ್ಕಷ್ಟೇ. ಬರೆದದ್ದನ್ನು ಅಳಿಸಿದರೆ ಏಕೆ ಅಳಿಸಿದೆ ಎಂದು ಎಲ್ಲರೂ ಕೇಳುತ್ತಾರೆ. ಕ್ಷಮೆ ಕೇಳಿದರೆ ಗಾಯದ ಮೇಲೆ ಉಪ್ಪು. ಕೊನೆಗೆ ಹಬ್ಬದ ಹಿಂದಿನ ದಿನ ಇಳಕಲ್ಲಿಗೆ ಹೋಗುವುದೆಂದು ತೀರ್ಮಾನಿಸಿದೆ. ಹೋಗಲು ಒಂದು ನೆಪ ಬೇಕಲ್ಲ. ಅಡುಗೆಮನೆಯಲ್ಲಿ ಅವಳದೊಂದು ಸ್ಟೀಲ್ ಡಬ್ಬಿ ಕಣ್ಣಿಗೆ ಬಿತ್ತು, ಹಿಂದೆಂದೋ ಅದರಲ್ಲಿ ಚಕ್ಕಲಿ ತಂದಿದ್ದಳು. ತಳದಲ್ಲಿ ಅವ್ವ ಕೊರೆಸಿದ ಅವಳ ಹೆಸರೂ ಇತ್ತು. ಪ್ರೇಮಾ ಚರ್ಚು ಸಿಂಗರಿಸಲು ಹೋಗಿದ್ದಳು. ಡಬ್ಬಿ ಎತ್ತಿಕೊಂಡು ಬಸ್ಸು ಹತ್ತಿದೆ. ಹುನಗುಂದ ದಾಟುವವರೆಗೂ ಕ್ಷಮೆಯ ಮಾತನ್ನು ತಿದ್ದಿ ತೀಡಿ, ಅದೂ ಒಂದು ಭಾಷಣವೇ ಆಗಿಬಿಟ್ಟಿತು.

ಸುಶೀಲಾ ಬಾಗಿಲಿಗೆ ಬಂದಳು. ಮುಖದಲ್ಲಿ ನಗು ಇರಲಿಲ್ಲ. ಕೈಯಲ್ಲಿದ್ದ ಡಬ್ಬಿ ನೋಡಿ ಮುಖ ಇನ್ನಷ್ಟು ಗಂಟಾಯಿತು. “ನೀನೂ ತುಂಬಿಕೊಂಡ ಬಂದ್ಯಾ?” ಎಂದು ಅದನ್ನು ಇಸಿದುಕೊಂಡಳು. ಅಲುಗಾಡಿಸಿದಳು. ಮುಚ್ಚಳ ತೆಗೆದಳು.

“ಅಣ್ಣಾ, ಇದರಾಗ ಏನೂ ಇಲ್ಲ.”

“ಡಬ್ಬಿ ನಿಂದವಾ, ಕೊಟ್ಟು ಹೋಗಾಕ ಬಂದೆ.”

“ಒಂದು ಹಿಡಿ ಸಕ್ಕರೀನೂ ಇಲ್ಲ.”

ಆಗಷ್ಟೇ ನನಗೆ ಹೊಳೆಯಿತು. ನಮ್ಮ ಕಡೆ ಇನ್ನೊಬ್ಬರ ಡಬ್ಬಿಯನ್ನು ಬರಿದು ಮರಳಿಸುವವರಿಲ್ಲ. ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕುತ್ತಾರೆ. ಅಷ್ಟೂ ದಾರಿ ಖಾಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದೆ. ತಿದ್ದಿ ತೀಡಿದ ಭಾಷಣ ಎಲ್ಲಿ ಹೋಯಿತೋ ಗೊತ್ತಿಲ್ಲ. ಸುಶೀಲಾ ಡಬ್ಬಿಯ ಒಳಗೆ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. ನಗುತ್ತ ಕಣ್ಣೂ ಒರೆಸಿಕೊಂಡಳು.

“ಎಲ್ಲಾರೂ ಕೊಡಾಕ ನಿಂತಾರ. ಬಾದಾಮಿ ವೈನಿ ಗೋಧಿ ಚೀಲ ಕಳಿಸ್ಯಾರ. ನೀನೊಬ್ಬಾವ ನೋಡು, ಡಬ್ಬಿ ಹಿಡ್ಕೊಂಡು ಬೇಡಾಕ ಬಂದಾಂವ. ಇಲ್ಲೇ ಇಟ್ಟು ಹೋಗು. ನಾಳೆ ನಾನ ತರ್ತೇನಿ.”

ಮರುದಿನ ಮೊಣಕಾಲು ನೆಟ್ಟಗಿತ್ತು. ಡಬ್ಬಿ ತುಂಬ ಕರ್ಚಿಕಾಯಿ ತಂದಳು. ನಾನು ಯಾರಿಗೂ ಕೊಡದೆ ತಿಂದೆ. ಆದರೆ ನನ್ನ ನಿಯಮದ ಗತಿ ಏನಾಯಿತು ಎಂದು ಕೇಳಬೇಡಿ. ಅಣ್ಣ ಒಂದು ಡಬ್ಬಿ ಉಂಡಿಯ ಜೊತೆಗೆ, ಬರಿಗೈಲೆ ಬರಬಾರದೆಂದು, ಗೋಡೆ ಗಡಿಯಾರ ತಂದಿದ್ದ. ಈ ಗದ್ದಲದಲ್ಲಿ ತಿನಿಸು ಮಾಡುವುದನ್ನೇ ಮರೆತು, ಏನೂ ಕೊಡದೆ ಕುಳಿತ ಮನೆ ನಮ್ಮದೊಂದೇ. “ಸಾದಾ ಅಂದದ್ದು ನಿಮ್ಮ ಮನೀಗಷ್ಟ ಇತ್ತೇನ್ರಿ?” ಎಂದು ವೈನಿ ಎಲ್ಲರೆದುರು ಕೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಆ ಡಬ್ಬಿ ಈಗ ಮತ್ತೆ ನಮ್ಮ ಅಡುಗೆಮನೆಯಲ್ಲಿದೆ. ಯಾವಾಗ ತರುತ್ತೀ ಎಂದು ಸುಶೀಲಾ ಫೋನ್ ಮಾಡುತ್ತಲೇ ಇದ್ದಾಳೆ. ಅಂಗಡಿಯ ಪೇಡೆ ತುಂಬಿಸಿದರೆ ನಿಯಮ ಮುರಿದವನು ನಾನಾಗುತ್ತೇನೆ. ಮನೆಯಲ್ಲಿ ಮಾಡೋಣವೆಂದರೆ, “ನಿಯಮ ಬರದಾವ್ರ ಮಾಡ್ಲಿ” ಎನ್ನುತ್ತಾಳೆ ಪ್ರೇಮಾ. ನಾನು ಕರಿದ ಕರ್ಚಿಕಾಯಿಗಳು ಎಣ್ಣೆಯಲ್ಲಿ ಬಾಯಿ ಬಿಟ್ಟು ಹೂರಣವನ್ನೆಲ್ಲ ಚೆಲ್ಲಿಕೊಂಡವು. ಹಿಂದಿನಂತೆ ಖಾಲಿ ಒಯ್ಯೋಣವೆಂದರೆ ಅದೂ ಆಗುವುದಿಲ್ಲ. ಮೊದಲ ಸಲ ಅದು ದಡ್ಡತನವಾಗಿತ್ತು, ಅದಕ್ಕೇ ನಡೆಯಿತು. ಇನ್ನೊಮ್ಮೆ ಬೇಕೆಂದೇ ಒಯ್ದರೆ ಅದು ಉಪದೇಶವಾಗುತ್ತದೆ.