ಗಡ ನೋಡಾಕ ಹೊಂಟ ನಮ್ಮ ದಂಡು

ನಾ ಮೊದಲ ಕೂತು ನೆಟ್ಟಗ ವಿಚಾರ ಮಾಡಿ ಹಚ್ಚಿದ ಕೆಲಸ ಸೊಟ್ಟ ಆಗೂದು ತಪ್ಪಿದ್ದಲ್ಲ. ಲಗ್ನದಿಂದ ಹಿಡದು ಹಲ್ಲು ಕೀಳಿಸೂದರ ತನಕ ಹಂಗ ಆಗೇತಿ. ಆದ್ರ ಗಡ ನೋಡಾಕ ಹ್ವಾದಾಗ ತಲಿ ಕೆಟ್ಟಷ್ಟು ಮತ್ತ ಯಾವಾಗೂ ಕೆಟ್ಟಿಲ್ಲ.

ಆಗ ನಾ ಇಚಲಕರಂಜಿಯ ಒಂದು ಪಾವರ್‌ಲೂಮ್ ಕಾರಖಾನಿಯಾಗ ಜಾಬರ್. ಕೆಟ್ಟ ಮಗ್ಗ ರಿಪೇರಿ ಮಾಡೂದು ನನ್ನ ಕೆಲಸ. ಮಹಾರಾಷ್ಟ್ರ ರಾಜ್ಯ ಆಗಿ ಒಂದೆರಡು ವರ್ಷ ಆಗಿರಬೇಕು. ಮಾಲಕನ ಮಗಳ ಲಗ್ನಕ್ಕಂತ ಎರಡು ದಿನ ಮಗ್ಗ ಬಂದ್ ಆದುವು. ಆ ಖಟಕ್ ಖಟಕ್ ಸಪ್ಪಳ ಇಲ್ಲದ ಎರಡು ದಿನ ಒಟ್ಟಿಗೆ ನನಗ ಸಿಕ್ಕಿದ್ದು ಅದ ಮೊದಲು. ಲಗ್ನ ಆದಾಗಿಂದ ಹೆಂಡತಿಗೆ "ಪನ್ಹಾಳ ತೋರಸ್ತೇನಿ" ಅಂತ ಹೇಳಕೋತ ಬಂದಿದ್ದೆ. ಅಕಿ ಕೇಳೂದ ಬಿಟ್ಟಿದ್ಲು. ಅದ ನನಗ ಭಾಳ ಚುಚ್ಚತಿತ್ತು. ಈ ಸಲ ತೋರಿಸೇ ಬಿಡೂದು ಅಂತ ಪೆನ್ಸಿಲ್ ತಗೊಂಡೆ.

ನಕ್ಷೆ

ಪನ್ಹಾಳ, ವಿಶಾಳಗಡ, ಭುದರಗಡ, ಸಾಮಾನಗಡ. ಗುಡ್ಡದ ಮ್ಯಾಲಿನ ನಾಲ್ಕು ಕ್ವಾಟಿ, ನಡುವ ಚಂದನ ದಾರಿ, ಎಲ್ಲಾ ಬರದೆ. ಅವ್ವ ಬಂದು ಬಗ್ಗಿ ನೋಡಿದ್ಲು.

"ಇದರಾಗ ಬಿದ್ರಿ ಎಲ್ಲೈತೋ? ಅಲ್ಲಿ ನಮ್ಮ ಸಣ್ಣವ್ವನ ಮಗಳದಾಳ."

ಬಿದ್ರಿ ಬರದೆ.

"ದತ್ತವಾಡ?"

"ಅವ್ವಾ, ದತ್ತವಾಡ ಮೂಡಲಕ್ಕೈತಿ. ಗಡ ಎಲ್ಲಾ ಪಡವಲಕ್ಕದಾವ."

"ಮೊದಲ ಇತ್ತಾಗ ಹೋಗಿ ಆಮ್ಯಾಲ ಅತ್ತಾಗ ಹೋಗೂಣು. ಗಡ ಏನು ಓಡಿ ಹೋಗತಾವೇನು? ದತ್ತವಾಡದಾಗಿರೂ ನಮ್ಮ ಅಕ್ಕಗ ವಯಸ್ಸಾಗೇತಿ."

ತಾಸು ತುಂಬೂದರಾಗ ನಕ್ಷೆಯೊಳಗ ಗಡ ಎರಡು ಉಳದುವು, ಬೀಗರ ಮನಿ ಐದಾದುವು. ಸಿಟ್ಟು ಬಂದು, "ಗಡ ಕಟ್ಟಿದವರು ನಮ್ಮ ಬೀಗರ ಮನಿ ನೋಡಿ ಕಟ್ಟಬೇಕಿತ್ತು!" ಅಂದೆ.

"ಹೌದಲ್ಲಪಾ," ಅಂದ್ಲು ಅವ್ವ, "ಅಷ್ಟು ತಿಳೀಬಾರದಾ ಅವರಿಗೆ?"

ಜಗಳಾಡಿ ಒಂದೊಂದ ಮನಿ ಹೊಡದು ಹಾಕಿದೆ. ನೂಲ ಒಂದು ಉಳೀತು. ಅದು ಹೆಂಡತಿ ತವರೂರು. ಅದನ್ನ ಹೊಡದು ಹಾಕೂ ತಾಕತ್ತು ನನ್ನ ಪೆನ್ಸಿಲಿಗೆ ಇರಲಿಲ್ಲ.

ಮೋಟರ

ಬಾಡಗಿಗೆ ಸಿಕ್ಕದ್ದು ಒಂದು ಹಳೇ ಕಾರು. ಕಾರಿನ ಮಾಲಕನೇ ಅದರ ಡ್ರೈವರ್, ಮರಾಠಿ ಮನಶ್ಯಾ. ಕೊಲ್ಹಾಪುರ ದಾಟಿ ಪನ್ಹಾಳದ ಘಾಟ ಏರಾಕತ್ತಿದ್ವಿ. ತಿರುವಿನಾಗ ಎದರಿಗೆ ಹುಲ್ಲು ಹೇರಿದ ಚಕ್ಕಡಿ ಬಂತು. ಸ್ವಲ್ಪ ಹಿಂದ ತಗೋಪಾ ಅಂದೆ.

"ರಿವ್ಹರ್ಸ್ ನಾಹೀ," ಅಂದ.

"ನಾಹೀ ಅಂದ್ರ?"

"ಹಿಂದ ಹೋಗೂ ಗೇರ್ ಮುರದು ನಾಲ್ಕು ತಿಂಗಳಾತು."

"ಮೊದಲ ಯಾಕ ಹೇಳಲಿಲ್ಲ?"

ಅವ ತಣ್ಣಗ, "ನಿಮಗ ಹಿಂದ ಹೋಗೂದೈತಿ ಅಂತ ನೀವರ ಎಲ್ಲಿ ಹೇಳಿದ್ರಿ?" ಅಂದ.

ಇಳದು ನಾನೂ ಹೆಂಡತಿನೂ ಮುಂದಿಂದ ಕಾರು ಹಿಂದಕ್ಕ ನೂಕಿದ್ವಿ. ಅವ್ವ ಒಳಗ ಕೂತು "ಸಾವಕಾಶ, ಸಾವಕಾಶ" ಅನ್ನತಿದ್ಲು. ಕೆಳಗಿಂದ ನಡಕೋತ ಬಂದ ಒಬ್ಬ ಮುದುಕ ನಿಂತು ನೋಡಿ, ಎಲ್ಲಿಗೆ ಹೊಂಟೀರಿ ಅಂತ ಮರಾಠಿಯೊಳಗ ಕೇಳಿದ. ಪನ್ಹಾಳಕ್ಕ ಅಂದೆ. ಪಾಪ, ಅವಗ ಭಾಳ ಕೆಟ್ಟನಿಸ್ತು. ನನ್ನ ಹೆಗಲ ಮುಟ್ಟಿ, "ಪನ್ಹಾಳ ಮ್ಯಾಲೈತಿ, ತಮ್ಮಾ. ನೀ ಕೊಲ್ಹಾಪುರದ ಕಡೆ ನೂಕಾಕತ್ತೀ," ಅಂದ.

ಅಂಬರಖಾನಾ

ನಮ್ಮ ಮಾವ, ಅಂದ್ರ ಹೆಂಡತಿ ಅಪ್ಪ, ಬೆಲ್ಲದ ವ್ಯಾಪಾರಿ. ಪ್ಯಾಟಿಗಂತ ಕೊಲ್ಹಾಪುರಕ್ಕ ಬಂದವನು ಅಲ್ಲೇ ನಮ್ಮ ಕಾರು ಹತ್ತಿದ್ದ; ನಾವು ನೂಕೂವಾಗೂ ಇಳೀದ ಒಳಗ ಕೂತಿದ್ದ. ಪನ್ಹಾಳದಾಗ ಅಂಬರಖಾನಾ ಅಂತ ದೊಡ್ಡ ದೊಡ್ಡ ಕಾಳಿನ ಕಣಜ ಅದಾವು. ಪಟಕಾ ಸುತ್ತಿದ ಒಬ್ಬ ಹಿರ್ಯಾ ಅದರ ಇತಿಹಾಸ ಹೇಳಾಕ ನಿಂತ. ಮಾವಗ ಮರಾಠಿ ಬರತಿತ್ತು, ಬ್ಯಾಪಾರದಷ್ಟು ಮಾತ್ರ. ಉಳದದ್ದು ನಾ ಕನ್ನಡ ಮಾಡಿ ಹೇಳಬೇಕು.

ಹಿರ್ಯಾ ಮುತ್ತಿಗಿ ವರ್ಣನಾ ಮಾಡಾಕತ್ತ. ಮಾವ ಗ್ವಾಡಿಗೆ ಅಂಗೈ ಹಚ್ಚಿ ನೋಡಿದ. "ಥಂಡಿ ಭಾಳ ಐತಿ. ಇಲ್ಲಿ ಬೆಲ್ಲ ಇಟ್ರ ನೀರ ಬಿಡತೈತಿ."

"ಬೆಲ್ಲ ಅಲ್ಲರಿ ಮಾವಾರ, ಕಾಳು."

"ಇಲಿಗೆ ಏನ ಮಾಡತಿದ್ರು, ಕೇಳು."

ಕೇಳಿದೆ. ಹಿರ್ಯಾ ನನ್ನನ್ನ ಕೆಕ್ಕರಿಸಿ ನೋಡಿ, ಮಹಾರಾಜರು ಸುರಿಯೂ ಮಳಿಯಾಗ ಶತ್ರುಗಳ ಕಣ್ಣು ತಪ್ಪಿಸಿ ಗಡ ಇಳದು ಹ್ವಾದ ಕಥಿ ಚಾಲೂ ಮಾಡಿದ. ಹೇಳಕೋತ ಹೇಳಕೋತ ಅವನ ಕಣ್ಣಾಗ ನೀರ ಬಂತು. ತಿರುಗಿ ನೋಡತೇನಿ, ಮಾವನ ಕಣ್ಣಾಗೂ ನೀರು! ಅಂತೂ ಇತಿಹಾಸ ಮುಟ್ಟಿತು ಅಂತ ನನಗ ಸಮಾಧಾನ ಆತು.

ಮಾವ ಧೋತರದ ಚುಂಗಿಲೆ ಕಣ್ಣು ವರಸ್ಕೊಂಡು, "ಇಷ್ಟೂ ಕಾಳು ಇಲ್ಲೇ ಬಿಟ್ಟು ಹ್ವಾದ್ರೇನೋ?" ಅಂದ.

ಏಳು ಕಮಾನಿನ ಬಾವಿ

ರಾತ್ರಿ ನೂಲದಾಗ ಉಳದು, ಮುಂಜಾನೆ ರೊಟ್ಟಿ ಬುತ್ತಿ ಕಟಗೊಂಡು ಸಾಮಾನಗಡಕ್ಕ ಹ್ವಾದ್ವಿ. ಗಡಹಿಂಗ್ಲಜದ ಕಡೆ ಆ ಗಡ ಬಾವಿಗೆ ಹೆಸರಾದದ್ದು. ಒಂದು ಬಾವಿಗೆ ಏಳು ಕಮಾನು, ಕೆಳಗ ಕತ್ತಲ್ಯಾಗ ಇಳದು ಹ್ವಾದ ಪಾವಟಿಗಿ. ಗಡದ ಮ್ಯಾಲ ಒಂದು ನರಪಿಳ್ಳಿ ಇರಲಿಲ್ಲ. ಹೆಂಡತಿ ಕಮಾನು ನೋಡಕೋತ ನಿಂತಿದ್ಲು. ಅಕಿ ಮಾರಿ ನೋಡಿ ನನಗೂ ಸಂತೋಷ ಆತು.

ಅಷ್ಟರಾಗ ಅವ್ವ ಬಾವಿಯೊಳಗ ಬಗ್ಗಿ, "ಯಾರದಾರ್ರೀ ಒಳಗ?" ಅಂದ್ಲು.

"ಒಳಗ... ಒಳಗ..." ಅಂತು ಬಾವಿ.

"ಊಟಕ್ಕ ಬರತೀರೇನ್ರೀ?"

"ಏನ್ರೀ... ಏನ್ರೀ..."

ಅವ್ವ ಹಿಗ್ಗಿ ಹೀರೇಕಾಯಿ ಆದ್ಲು. "ಕನ್ನಡದವರ ಅದಾರೋ! ನಿನ್ನಿ ಪನ್ಹಾಳದಾಗ ಬರೇ ಮರಾಠಿ ಕೇಳಿ ಕಿವಿ ಬ್ಯಾಸತ್ತಿದ್ದುವು."

"ಅವ್ವಾ, ಅದು ಪ್ರತಿಧ್ವನಿ. ನಿನ್ನ ದನಿನ ಗ್ವಾಡಿಗೆ ಬಡದು ತಿರಗಿ ಬರತೈತಿ."

"ನನ್ನ ದನಿ ನನಗ ಗೊತ್ತಿಲ್ಲೇನು? ಇದು ಗಣಮಗನ ದನಿ."

ಎಷ್ಟು ತಿಳಿಸಿ ಹೇಳಿದ್ರೂ ಕೇಳವಲ್ಲಳು. ಕಡೀಕ ನಾನ ಪಾವಟಿಗಿ ಮ್ಯಾಲ ನಿಂತು, "ನೋಡೀಗ" ಅಂತ ಗಂಟಲ ಹರಕೊಂಡು ಒದರಿದೆ: "ಒಳಗ ಯಾರೂ ಇಲ್ಲಾ!"

"ಇಲ್ಲಾ... ಇಲ್ಲಾ..." ಅಂತು ಬಾವಿ. ಆಮ್ಯಾಲ ಸ್ವಲ್ಪ ತಡದು, "ನಾ ಅದೀನ್ರೀ, ಬರಾಕತ್ತೇನಿ!" ಅಂತು.

ಕೊಡ ಹೊತ್ತು ಒಬ್ಬ ಕುರಿಯಂವ ಒಂದೊಂದ ಪಾವಟಿಗಿ ಏರಿ ಬಂದ. ಕುರಿಗೆ ನೀರ ತುಂಬಾಕ ಇಳದಿದ್ನಂತ. ಮೀಸಿ ವರಸ್ಕೊಂಡು, "ಊಟಕ್ಕ ಕರದಂಗಾತಲ್ರೀ?" ಅಂದ.

ಅವ್ವ ನನ್ನ ಮಾರಿ ಸಹಿತ ನೋಡಲಿಲ್ಲ. ಬುತ್ತಿ ಬಿಚ್ಚಿ ಸೊಸಿಗೆ ಹೇಳಿದ್ಲು: "ಏಯ್, ಪ್ರತಿಧ್ವನಿಗೆ ಎರಡು ರೊಟ್ಟಿ ಹಾಕು."