ಆಫ್ ಮಾಡಿ ಆನ್ ಮಾಡುವ ಶಾಸ್ತ್ರ

ನನ್ನ ಗಂಡ ವಗ್ದಿಗೆ ಜಗತ್ತಿನ ಯಾವ ಯಂತ್ರದ ಯಾವ ಕಾಯಿಲೆಗೂ ಗೊತ್ತಿದ್ದ ಮದ್ದು ಒಂದೇ: ಆಫ್ ಮಾಡಿ ಆನ್ ಮಾಡುವುದು. ಫ್ರಿಜ್ಜು, ರೇಡಿಯೊ, ಲಿಫ್ಟು, ಕೊನೆಗೆ ತನ್ನ ತಾಯಿಯ ಕಿವಿಯ ಯಂತ್ರ. (ಅದು ಆಫ್ ಆಗಿದ್ದಾಗಲೇ ನಾನು ಆಡಿದ್ದೆಲ್ಲ ಅತ್ತೆಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.) ಅವನು ಶಾಲೆಗಳ ಭೂಗೋಳ ಇನ್‌ಸ್ಪೆಕ್ಟರಾಗಿ ನಿವೃತ್ತನಾದವನು. ನಾನು ಡಾಕ್ಟರೇಟ್ ಪಡೆದು ನೆರೆಯವರ ಬಾಯಲ್ಲಿ ‘ದಕ್ತೂರಾ’ ಆದವಳು, ಇಲ್ಲಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಪರೇಟಿಂಗ್ ಸಿಸ್ಟಂ ಪಾಠ ಹೇಳಿದವಳು. ಕಾರಣ ತಿಳಿಯದೆ ಔಷಧ ಕೊಡುವವರನ್ನು ನಾನು ಎಂದೂ ಪಾಸು ಮಾಡಿದವಳಲ್ಲ. ಅಂಥವನೊಬ್ಬನನ್ನು ಮದುವೆಯಾಗಿದ್ದೆ, ಅದು ಬೇರೆ ಮಾತು.

ಆಗ ನಮ್ಮ ಕಟ್ಟಡದಲ್ಲಿ ಇಂಟರ್ನೆಟ್ ಇದ್ದದ್ದು ನಮ್ಮ ಮನೆಗೊಂದೇ. ಹಾಗೆಂದು ಒಬ್ಬರೇ ಬಾಗಿಲು ಹಾಕಿಕೊಂಡು ಉಣ್ಣುವ ಊರಲ್ಲ ಅಲೆಕ್ಸಾಂಡ್ರಿಯ. ಬಚ್ಚಲ ಕಿಟಕಿಗಳೆಲ್ಲ ತೆರೆದುಕೊಳ್ಳುವ ಗಾಳಿಬಾವಿಯಲ್ಲಿ ತಂತಿ ಬಿಟ್ಟು ಮೇಲಿನವರಿಗೂ ಕೆಳಗಿನವರಿಗೂ ಹಂಚಿದ್ದೆವು. ಊಟದ ಮೇಜಿನ ಕೆಳಗೊಂದು ಹಳೆಯ ಕಂಪ್ಯೂಟರ್. ಅದರಲ್ಲಿ ಎರಡು ನೆಟ್‌ವರ್ಕ್ ಕಾರ್ಡ್: ಒಂದು ಟೆಲಿಫೋನ್ ಲೈನಿನ ಕಡೆಗೆ, ಇನ್ನೊಂದು ನೆರೆಯವರ ಕಡೆಗೆ. ಅದನ್ನು ನಡೆಸುತ್ತಿದ್ದುದು ಯಾರು ಬೇಕಾದರೂ ಓದಿ ತಿದ್ದಬಹುದಾದ ಕರ್ನಲ್, ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು.

ನೆರೆಯವರ ಕಡೆಯ ಕಾರ್ಡಿಗೆ ಒಂದು ಚಾಳಿ. ರಂಜಾನ್ ಸಂಜೆ ಉಪವಾಸ ಬಿಟ್ಟು ಎಲ್ಲರೂ ಧಾರಾವಾಹಿಗೆ ಕೂತರೋ ಇಲ್ಲವೋ, ಅದು ಮೂಕವಾಗುತ್ತಿತ್ತು. ಕೂಡಲೇ ಗಾಳಿಬಾವಿಯೊಳಗಿಂದ ಮೂರನೆಯ ಮಹಡಿಯ ಗೃಹಿಣಿ ಇಗ್ಲಾಲ್ ಹಾನೆಂ ಅವರ ಕಂಠ:

“ಯಾ ದಕ್ತೂರಾ! ನೆಟ್ ಸತ್ತೋಯ್ತು! ನಾಯಕಿ ಬಾಯಿ ತೆರ್ಕೊಂಡು ನಿಂತ್ಬಿಟ್ಟಿದ್ದಾಳೆ!”

ವಗ್ದಿ ಸೂಪು ಬಿಟ್ಟು ಮೇಜಿನ ಕೆಳಗೆ ತೂರುತ್ತಿದ್ದ. ಗುಂಡಿ ಒತ್ತುತ್ತಿದ್ದ.

“ಬಂತು, ಬಂತು! ಉಸ್ತಾದ್ ವಗ್ದಿ, ನಿಮ್ಮ ಕೈ ತಣ್ಣಗಿರಲಿ!”

ಒಂದು ಸಂಜೆ ನಾನು ಶಾಸನ ಹೊರಡಿಸಿದೆ. “ಇನ್ನು ಆ ಗುಂಡಿ ಯಾರೂ ಮುಟ್ಟಬಾರದು. ಕೆಟ್ಟದ್ದು ಕೆಟ್ಟಂತೆಯೇ ಇರಲಿ. ನಾನು ಪರೀಕ್ಷಿಸಬೇಕು.”

“ಎಲ್ಲಿವರೆಗೆ?”

“ಕಾರಣ ಸಿಗೋವರೆಗೆ.”

“ಕಾರಣ ತಗೊಂಡು ಜನ ಏನ್ ಮಾಡ್ತಾರೆ, ಇನ್ಶಿರಾಹ್? ನೆಂಚ್ಕೊಂಡು ತಿಂತಾರಾ?”

ಮರುದಿನ ಇಗ್ಲಾಲ್ ಹಾನೆಂ ಖುದ್ದಾಗಿ ಬಂದರು. “ದಕ್ತೂರಾ, ನೀವು ನಮ್ಮ ತಲೆ ಮೇಲಿನ ಕಿರೀಟ. ಆದ್ರೆ ಶುಕ್ರವಾರದ ನಮಾಜು ಮುಗಿಯೋವರೆಗೆ ನೋಡ್ತೀವಿ. ಆಮೇಲೆ ನಮ್ಮ ತಂತಿಗಳೆಲ್ಲ ಎದುರು ಕಟ್ಟಡದ ಬಯ್ಯೂಮಿ ಕಡೆಗೆ. ಎಲ್ಲರೂ ಸೇರಿ ಮಾತಾಡ್ಕೊಂಡಾಯ್ತು.”

ಬಯ್ಯೂಮಿ ಚೀಸು, ಉಪ್ಪಿನಕಾಯಿ ಮಾರುವವನು. ಜೀವನವಿಡೀ ಕರ್ನಲ್ ಪಾಠ ಹೇಳಿದವಳ ಕಟ್ಟಡಕ್ಕೆ ಉಪ್ಪಿನಕಾಯಿ ಅಂಗಡಿಯಿಂದ ನೆಟ್! ನಾನು ಡ್ರೈವರನ್ನು ಓದಲು ಕೂತೆ. ಡ್ರೈವರ್ ಎಂದರೆ ಕಾರ್ಡಿಗೂ ಕರ್ನಲ್ಲಿಗೂ ನಡುವಿನ ದುಭಾಷಿ. ಬರೆದ ಪುಣ್ಯಾತ್ಮ ಒಂದೆಡೆ ಟಿಪ್ಪಣಿ ಹಾಕಿದ್ದ: “ಈ ಸಾಲು ಏಕೆ ಬೇಕೋ ತಿಳಿಯದು, ತೆಗೆಯಬೇಡಿ.” (ಅವನಿಗೆ ಡಿಗ್ರಿ ಕೊಟ್ಟವರು ಯಾರೋ!) ಕೊನೆಗೂ ಕಾಯಿಲೆ ಸಿಕ್ಕಿತು. ‘ಕಳಿಸಿಯಾಯಿತು’ ಎಂದು ಕಾರ್ಡ್ ಹೇಳುತ್ತದೆ. ಗದ್ದಲದಲ್ಲಿ ಕರ್ನಲ್ ಕೇಳಿಸಿಕೊಳ್ಳುವುದಿಲ್ಲ. ಆಮೇಲೆ ಇಬ್ಬರೂ, ಮೊದಲು ಅವರೇ ಮಾತಾಡಲಿ ಎಂದು ಮುಖ ತಿರುಗಿಸಿ ಕೂರುತ್ತಾರೆ. ಸಂಸಾರಸ್ಥರಿಗೆ ವಿವರಿಸಬೇಕಾಗಿಲ್ಲ.

ಇದಕ್ಕೆ ನಾನೊಂದು ಭವ್ಯ ತಿದ್ದುಪಡಿ ರಚಿಸಿದೆ. ಸರದಿ, ಮರುಸರದಿ, ಸಾಕ್ಷಿ, ಮರುಸಾಕ್ಷಿ, ಜೊತೆಗೆ ಗಣಿತದ ಸಾಧನೆ. ಕರ್ನಲ್ ತಿದ್ದುವವರೆಲ್ಲ ಕೂಡಿ ಚರ್ಚಿಸುವ ಮೇಲಿಂಗ್ ಲಿಸ್ಟಿಗೆ ಕಳಿಸಹೊರಟರೆ ಕಾರ್ಡ್ ಮತ್ತೆ ಮೂಕ. ನನ್ನ ಮೇಜಿಗೂ ನೆಟ್ ಬರುತ್ತಿದ್ದುದು ಅದೇ ಕಾರ್ಡಿನಿಂದ. ನಾನು ಕಿಟಕಿಯ ಕಡೆ ನೋಡುತ್ತ ಕೂತೆ. ವಗ್ದಿ ಮೇಜಿನ ಕೆಳಗೆ ಹೋಗಿ ಬಂದ. (ಹೀಗೆ, ಗುಂಡಿ ಒತ್ತುವುದನ್ನು ಖಂಡಿಸಿದ ಪತ್ರ ಗುಂಡಿ ಒತ್ತಿಸಿಕೊಂಡೇ ಹೊರಟಿತು.)

ಗುರುವಾರ ಉತ್ತರ ಬಂತು. ಆ ಡ್ರೈವರಿನ ಪಾಲಕ, ಎಂದರೆ ಅದರ ಹೊಣೆ ಹೊತ್ತವನು, ಫಿನ್ಲೆಂಡಿನವನು. ನಮಸ್ಕಾರ ಗಿಮಸ್ಕಾರ ಇಲ್ಲದ ಮನುಷ್ಯ. “ಬಹಳ ಉದ್ದ. ಕಾರ್ಡೇ ಸರಿಯಿಲ್ಲ. ಅದು ಏಕೆ ಸಿಕ್ಕಿಕೊಳ್ಳುತ್ತದೆಂದು ತಯಾರಿಸಿದವರಿಗೂ ತಿಳಿಯದು. ಸಿಕ್ಕಿಕೊಂಡಾಗ ಡ್ರೈವರೇ ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಲಿ. ಅಷ್ಟೇ ಬರೆದು ಕಳಿಸಿ.”

“ಏನಂತೆ?” ವಗ್ದಿ ಭುಜದ ಹಿಂದೆ ಬಂದು ನಿಂತಿದ್ದ.

“ಕಾರ್ಡಿನ ಪ್ರಾಥಮಿಕ ಸ್ಥಿತಿಯನ್ನು ಪುನಃ ಸ್ಥಾಪಿಸಬೇಕಂತೆ.”

“ಅಂದ್ರೆ?”

“ಅಂದ್ರೆ... ನಿಲ್ಲಿಸಿ, ಆಮೇಲೆ ಶುರು ಮಾಡೋದು.”

ಅವನು ಕುರ್ಚಿ ಎಳೆದುಕೊಂಡು ನಿಧಾನವಾಗಿ ಕೂತ. “ಇನ್ನೊಂದ್ಸಲ ಹೇಳು, ದಕ್ತೂರಾ. ಆತುರ ಇಲ್ಲ.”

ಬರೆದೆ. ಬಯ್ಯೂಮಿಯ ಮುಖ ನೆನೆದು ಬರೆದೆ. ಆ ಸಂಜೆ ಇಡೀ ಕಟ್ಟಡ ಧಾರಾವಾಹಿಗೆ ಕೂತಿತು. ಕಾರ್ಡ್ ಸಿಕ್ಕಿಕೊಂಡಿತು, ಕ್ಷಣದಲ್ಲಿ ತಾನೇ ಆಫ್ ಆಗಿ ತಾನೇ ಆನ್ ಆಯಿತು. ಗಾಳಿಬಾವಿಯಲ್ಲಿ ಒಂದು ಕೂಗೂ ಇಲ್ಲ. ಶುಕ್ರವಾರ ಯಾರ ತಂತಿಯೂ ಕದಲಲಿಲ್ಲ. ಬದಲಿಗೆ ಒಂದು ದೊಡ್ಡ ತಟ್ಟೆ ತುಂಬ ಬಸ್ಬೂಸ ಎಂಬ ರವೆಯ ಸಿಹಿ ಬಂತು. ಉಸ್ತಾದ್ ವಗ್ದಿ ಅವರಿಗೆ.

ಕರ್ನಲ್ಲಿನವರಲ್ಲಿ ಒಂದು ಪದ್ಧತಿ ಇದೆ. ಪ್ರತಿ ತಿದ್ದುಪಡಿಯ ಕೆಳಗೆ ಬರೆದವರು ಯಾರು, ಪರೀಕ್ಷಿಸಿದವರು ಯಾರು, ಸಲಹೆ ಯಾರದು ಎಂದು ಹೆಸರು ಹಾಕಬೇಕು. ಕಾಪಿ ಹೊಡೆದವರನ್ನು ಜೀವಮಾನವಿಡೀ ಹಿಡಿದವಳು ನಾನು, ಮುಚ್ಚಿಡುವಂತಿರಲಿಲ್ಲ. ‘ಸಲಹೆ: ವಗ್ದಿ ಶಲಬಿ’ ಎಂದು ಬರೆದೆ.

“ಉಸ್ತಾದ್ ಅಂತ ಹಾಕ್ಲಿಲ್ಲ?”

“ಅಲ್ಲಿ ಬಿರುದು ಬಾವಲಿ ಹಾಕೋದಿಲ್ಲ.”

“ಅಪ್ಪನ ಹೆಸರಾದ್ರೂ ಹಾಕು. ಪಾಪ, ಸತ್ತವರು ಸಂತೋಷಪಡ್ತಾರೆ.”

ಫಿನ್ಲೆಂಡಿನವನು ನನ್ನ ಸಾಲುಗಳು ಇನ್ನೂ ಉದ್ದ ಎಂದು ತಾನೇ ಮೊಟಕು ಮಾಡಿ ಬರೆದ. ಬರೆದವರ ಜಾಗದಲ್ಲಿ ಅವನ ಹೆಸರು ಬಂತು. ಸಲಹೆಯ ಜಾಗದಲ್ಲಿ ವಗ್ದಿ. ನಾನು ‘ಪರೀಕ್ಷಿಸಿದವರು’: ಅಡಿಗೆ ಬೇರೆಯವರು ಮಾಡಿ ನನಗೆ ಉಪ್ಪು ನೋಡಲು ಕೊಟ್ಟ ಹಾಗೆ.

ಈಗ ಪ್ರತಿ ಮನೆಗೂ ಅದರದೇ ನೆಟ್. ಗಾಳಿಬಾವಿಯಲ್ಲಿ ಪಾರಿವಾಳಗಳಷ್ಟೇ ಮಾತಾಡುತ್ತವೆ. ಇಗ್ಲಾಲ್ ಹಾನೆಂ ಮಗಳೊಂದಿಗೆ ಕೈರೋದಲ್ಲಿದ್ದಾರೆ. ವಗ್ದಿಯ ಎದೆಬಡಿತ ನಿಂತಾಗ ಆಸ್ಪತ್ರೆಯವರೂ ಅವನ ಮದ್ದನ್ನೇ ಪ್ರಯೋಗಿಸಿ ನೋಡಿದರು. ಫಲಿಸಲಿಲ್ಲ.

ಕಳೆದ ವರ್ಷ ಲಿಸ್ಟಿನಲ್ಲಿ ಒಂದು ಪ್ರಕಟಣೆ ಬಂತು: ಆ ಹಳೆಯ ಕಾರ್ಡ್ ಈಗ ಯಾರ ಬಳಿಯೂ ಇರಲಾರದು, ಡ್ರೈವರನ್ನು ಕರ್ನಲ್ಲಿನಿಂದ ತೆಗೆಯುತ್ತೇವೆ, ಆಕ್ಷೇಪವಿದ್ದರೆ ತಿಳಿಸಿ. ನಾನು ಅಟ್ಟದಿಂದ ಕಂಪ್ಯೂಟರನ್ನು ಇಳಿಸಿ, ಧೂಳು ಹೊಡೆದು, ಮತ್ತೆ ಊಟದ ಮೇಜಿನ ಕೆಳಗಿಟ್ಟು, ತಂತಿ ಸಿಕ್ಕಿಸಿ ಆನ್ ಮಾಡಿದೆ. ಆಮೇಲೆ, ಸುಳ್ಳು ಹೇಳುವ ಅಭ್ಯಾಸವಿಲ್ಲದ್ದರಿಂದ ಆಮೇಲೆಯೇ, ಬರೆದೆ: “ಆಕ್ಷೇಪವಿದೆ. ಅಲೆಕ್ಸಾಂಡ್ರಿಯದಲ್ಲಿ ಒಂದು ಕಾರ್ಡ್ ಇನ್ನೂ ಓಡುತ್ತಿದೆ.” ಇದು ಕೇವಲ ತಾಂತ್ರಿಕ ನಿರ್ಧಾರ. ಓದುಗರು ಬೇರೆ ಅರ್ಥ ಕಲ್ಪಿಸಬಾರದು.

ಅದೇ ದಿನ ಉತ್ತರ ಬಂತು. “ಸಂತೋಷ. ಹಳೆಯ ಪಾಲಕರು ನಿವೃತ್ತರಾಗಿದ್ದಾರೆ. ಬೇಕು ಎಂದವರೇ ನೋಡಿಕೊಳ್ಳುವುದು ನಮ್ಮ ವಾಡಿಕೆ. ಇಂದಿನಿಂದ ಈ ಡ್ರೈವರಿನ ಪಾಲಕರು ನೀವೇ.”

ಹೀಗಾಗಿ ಹೊಸ ಕರ್ನಲ್ ಬಂದಾಗಲೆಲ್ಲ, ಕಾರ್ಡನ್ನು ಪರೀಕ್ಷಿಸಲು ಮಂಡಿನೋವಿನ ನಾನು ಊಟದ ಮೇಜಿನ ಕೆಳಗೆ ತೂರಬೇಕಾಗಿದೆ. ವಗ್ದಿ ಮಾಡಿಟ್ಟು ಹೋದದ್ದನ್ನೆಲ್ಲ ಒಪ್ಪ ಮಾಡುವ ಕೆಲಸದಿಂದ ಬಿಡುಗಡೆಯಾಯಿತು ಎಂದುಕೊಂಡಿದ್ದೆ.